ನೀವ್ಯಾಕೆ ಓಡ್ತೀರಾ? ಮತ್ತೆ ಫ್ರೆಂಡ್ಸ್ ಜೊತೆ ರೇಸಿಗೆ ಹೋದ್ರೆ ಜೊತೆಗೇ ಓಡ್ಬೇಕಾ, ಅವರವರ ಟೈಮಿಗಾ?

ಕೆರೆ_ಏರಿ, ಮೈಸೂರು:

ಎಲ್ರಿಗೂ ನಮಸ್ಕಾರ. ತುಂಬಾ ದಿನದಿಂದ ಇಲ್ಲಿ ಓದ್ತಿದೀನಿ, ಬರೀತಿರೋದು ಇದೇ ಮೊದ್ಲು. ಒಂದು ವಿಷ್ಯ ಕೇಳ್ಬೇಕಿತ್ತು, ಹಿಂದಿನ ಕತೆ ಹೇಳ್ದೆ ಕೇಳಿದ್ರೆ ಅರ್ಥ ಆಗಲ್ಲ, ಹಂಗಾಗಿ ಉದ್ದ ಆಗುತ್ತೆ.

ನಮ್ಮಮ್ಮಂಗೆ ಐದು ವರ್ಷದಿಂದ ಡಯಾಲಿಸಿಸ್. ಮಂಗಳವಾರ, ಗುರುವಾರ, ಶನಿವಾರ, ಬೆಳಗ್ಗೆ ಆರರ ಶಿಫ್ಟು. ಮಷೀನಿಗೆ ಹಾಕಿದ್ರೆ ನಾಲ್ಕು ಗಂಟೆ. ನಮ್ಮನ್ನ ಒಳಗೆ ಬಿಡಲ್ಲ, ಹೊರಗಡೆ ಒಂದು ಕಬ್ಬಿಣದ ಬೆಂಚು. ನಂದು ಪ್ರಿಂಟಿಂಗ್ ಪ್ರೆಸ್ಸು, ಲಗ್ನಪತ್ರಿಕೆ ಬಿಲ್ ಬುಕ್ಕು ಈ ಥರ ಕೆಲ್ಸ, ಹನ್ನೊಂದಕ್ಕೆ ಬಾಗಿಲು ತೆಗೆದ್ರೆ ಆಯ್ತು. ಮೊದಲನೇ ವರ್ಷ ಪೂರ್ತಿ ಆ ಬೆಂಚ್ ಮೇಲೆ ಫೋನ್ ನೋಡ್ಕೊಂಡು ಕಾಫಿ ಕುಡ್ಕೊಂಡು ಕಳೆದೆ. ತೂಕ 71 ಇದ್ದದ್ದು 84 ಆಯ್ತು. ಅದಕ್ಕಿಂತ ಕೆಟ್ಟದ್ದು ಅಂದ್ರೆ ಬಾಗಿಲು ತೆಗೆದಾಗೆಲ್ಲಾ ಎದೆ ಧಸಕ್ ಅನ್ನೋದು, ಸಿಸ್ಟರ್ ಯಾರ ಹೆಸರು ಕೂಗ್ತಾರೋ ಅಂತ.

ಮೇಷ್ಟ್ರು ಸಿಕ್ಕಿದ್ದು ಆ ಬೆಂಚಲ್ಲೇ. ಸರ್ಕಾರಿ ಹೈಸ್ಕೂಲಲ್ಲಿ ಗಣಿತದ ಮೇಷ್ಟ್ರು, ನನಗಿಂತ ಒಂಬತ್ತು ವರ್ಷ ದೊಡ್ಡವ್ರು. ಅವ್ರ ಅಣ್ಣಂದು ಅಮ್ಮನ ಪಕ್ಕದ ಬೆಡ್ಡು. ಒಂದಿನ ಅವ್ರೇ ಅಂದ್ರು, ಏಳಿ ಸ್ವಾಮಿ, ಒಳಗಿರೋರು ಮಲಗಿದಾರೆ, ನಾವ್ಯಾಕೆ ಕಾಯಿಲೆ ಬಂದೋರ ಥರ ಕೂತಿರೋದು. ಆಸ್ಪತ್ರೆಯಿಂದ ಕುಕ್ಕರಹಳ್ಳಿ ಕೆರೆಗೆ ಗಾಡೀಲಿ ಐದು ನಿಮಿಷ. ಮೊದ್ಲು ನಡಿಗೆ, ಆಮೇಲೆ ಸ್ವಲ್ಪ ಓಟ ಸ್ವಲ್ಪ ನಡಿಗೆ, ಆರು ತಿಂಗಳಿಗೆ ಒಂದು ಸುತ್ತು ನಿಲ್ಲಿಸ್ದೆ ಓಡಿದ್ವಿ. ಇನ್ನೊಬ್ಬ ಹುಡುಗ ಸೇರ್ಕೊಂಡ, ಅದೇ ಶಿಫ್ಟಿಗೆ ಒಬ್ಬ ಅಜ್ಜೀನ ಆಟೋಲಿ ಕರ್ಕೊಂಡು ಬರೋನು, ಆಟೋ ತಮ್ಮ ಅಂತೀವಿ. ಕ್ಯಾನ್ವಾಸ್ ಶೂ ಹಾಕ್ಕೊಂಡು ನಮ್ಮಿಬ್ರಿಗಿಂತ ಜೋರಾಗಿ ಓಡ್ತಾನೆ.

ಕೆರೆ ಸುತ್ತಾನೇ ಯಾಕೆ ಅಂದ್ರೆ ಎಲ್ಲೇ ಇದ್ರೂ ಹದಿನೈದು ನಿಮಿಷದೊಳಗೆ ಗಾಡಿ ಹತ್ರ ಬರಬಹುದು. ಡಯಾಲಿಸಿಸ್ ನಡೀತಿರುವಾಗ ಬಿಪಿ ಬಿದ್ದುಬಿಡುತ್ತೆ ಕೆಲವೊಮ್ಮೆ. ಫೋನು ಫುಲ್ ಸೌಂಡಲ್ಲಿ ಇಟ್ಕೊಂಡೇ ಓಡೋದು. ಒಂದ್ಸಲ ಕೆರೆಯ ಆ ಕೊನೇಲಿ ಇದ್ದಾಗ ಕರೆ ಬಂತು, ನಾನು ಅಲ್ಲೇ ಕಾಲು ನಡುಗಿ ನಿಂತ್‌ಬಿಟ್ಟೆ, ಮೇಷ್ಟ್ರು ನನ್ನ ರಟ್ಟೆ ಹಿಡ್ಕೊಂಡು ಓಡಿಸ್ಕೊಂಡು ಬಂದ್ರು. ಅವತ್ತು ಏನೂ ಆಗ್ಲಿಲ್ಲ, ಅಮ್ಮ ಚೇತರಿಸ್ಕೊಂಡ್ರು.

ಎರಡು ವರ್ಷದ ಹಿಂದೆ ಮೇಷ್ಟ್ರ ಅಣ್ಣ ಹೋಗ್‌ಬಿಟ್ರು. ಇನ್ನು ಮೇಷ್ಟ್ರು ಈ ಕಡೆ ಬರೋಕೆ ಕಾರಣ ಇಲ್ಲ ಅನ್ಕೊಂಡಿದ್ದೆ. ವೈಕುಂಠ ಸಮಾರಾಧನೆ ಮುಗಿದ ಮೇಲೆ ಬಂದ ಮಂಗಳವಾರ ಆರೂವರೆಗೆ ಕೆರೆ ಗೇಟ್ ಹತ್ರ ಶೂ ಕಟ್ಕೋತಾ ಕೂತಿದ್ರು. ಅವತ್ತಿಂದ ಇವತ್ತಿನವರೆಗೆ ಒಂದು ಮಂಗಳವಾರಾನೂ ತಪ್ಪಿಸಿಲ್ಲ. ನಾನ್ಯಾಕೆ ಓಡ್ತೀನಿ ಅಂದ್ರೆ ಇದಕ್ಕೇ. ಆರೋಗ್ಯ, ತೂಕ (ಈಗ 69) ಎಲ್ಲಾ ಆಮೇಲೆ.

ಈಗ ಪ್ರಶ್ನೆ. ಶ್ರೀರಂಗಪಟ್ಟಣದ ಕಾವೇರಿ ಟ್ರೇಲ್ ಹಾಫ್ ಮ್ಯಾರಥಾನಿಗೆ (21.1 ಕಿಲೋಮೀಟರ್) ಮೂರೂ ಜನ ಹೆಸರು ಕೊಟ್ಟಿದೀವಿ. ಎರಡು ಗಂಟೆ ಒಳಗೆ ಮುಗಿಸ್ಬೇಕು ಅಂತ ನಾನು ಎಂಟು ತಿಂಗಳಿಂದ ತಯಾರಿ ಮಾಡಿದೀನಿ, ಜೀವನದಲ್ಲಿ ಮೊದಲನೇ ಸಲ ಆ ಟೈಮು ಕೈಗೆ ಸಿಗೋ ಹಂಗಿದೆ. ಆದ್ರೆ ಮೇಷ್ಟ್ರಿಗೆ ಜುಲೈಲಿ ಡೆಂಗ್ಯೂ ಆಗಿ ಸುಸ್ತು ಇನ್ನೂ ಪೂರ್ತಿ ಹೋಗಿಲ್ಲ. ಡಾಕ್ಟ್ರು ನಿಧಾನಕ್ಕೆ ಹೋಗಬಹುದು ಅಂದಿದಾರೆ, ಮೂರು ಗಂಟೆ ಮೇಲಾಗುತ್ತೆ. ನಾನು ಅವ್ರ ಜೊತೆ ಓಡ್ಬೇಕಾ, ನನ್ನ ಟೈಮಿಗೆ ಓಡ್ಬೇಕಾ? ಮನಸಿಗೆ ಕಷ್ಟ ಆಗ್ತಿದೆ. ಹಾಗೇ ನೀವ್ಯಾಕೆ ಓಡ್ತೀರಾ ಅಂತಾನೂ ಹೇಳಿ, ಓದೋಕೆ ಇಷ್ಟ.

ಕಬ್ಬನ್_ಭಾನುವಾರ, ಬೆಂಗಳೂರು:

ಸರ್, ಎರಡು ಸಲ ಓದ್ದೆ. ನಿಮ್ಮಮ್ಮ ಚೆನ್ನಾಗಿರ್ಲಿ.

ನೇರವಾಗಿ ಹೇಳ್ತೀನಿ, ನಿಮ್ಮ ಟೈಮಿಗೆ ಓಡಿ. ರೇಸ್ ಅನ್ನೋದು ಪ್ರಾಮಾಣಿಕವಾದ ಜಾಗ, ಅಲ್ಲಿ ನಮ್ಮ ಹತ್ರ ಏನಿದ್ಯೋ ಅದನ್ನ ಪೂರ್ತಿ ಕೊಡಬೇಕು. ನಂದೂ ನನ್ನ ಫ್ರೆಂಡ್‌ದೂ ಏಳು ವರ್ಷದ ಪೈಪೋಟಿ. ಇಬ್ರೂ ಒಂದೇ ಆಫೀಸಲ್ಲಿದ್ವಿ, ಈಗ ಬೇರೆ ಬೇರೆ, ಆದ್ರೆ ಪ್ರತಿ ವರ್ಷ ಬೆಂಗಳೂರು 10ಕೆ (ಹತ್ತು ಕಿಲೋಮೀಟರ್ ಓಟ) ಜೊತೆಗೇ. 2008ರಿಂದ ನಡೀತಿರೋ ರೇಸು ಅದು, ದೇಶದಲ್ಲೇ ದೊಡ್ಡ 10ಕೆಗಳಲ್ಲಿ ಒಂದು, ನಾವು ಶುರು ಮಾಡಿದ್ದು ತಡವಾಗಿ. ಬೆಂಗಳೂರು 900 ಮೀಟರ್‌ಗಿಂತ ಎತ್ತರದಲ್ಲಿದೆ, ಬಿಸಿಲು ಬೇಗ ಏರುತ್ತೆ, ರೋಡ್ ಎಲ್ಲೂ ಪೂರ್ತಿ ಸಪಾಟಾಗಿಲ್ಲ, ಹಂಗಾಗಿ ಟೈಮ್ ತೆಗೆಯೋದು ಸುಲಭ ಅಲ್ಲ. ಮೊದಲ ವರ್ಷ ಅವ್ನು 58 ನಿಮಿಷ ನಾನು 61. ಹೋದ ಸಲ ನಾನು 51:56, ಅವ್ನು 52:10. ಹದಿನಾಲ್ಕು ಸೆಕೆಂಡ್! ಎಂಟನೇ ಕಿಲೋಮೀಟರಲ್ಲಿ ಅವ್ನ ಉಸಿರು ನನ್ನ ಬೆನ್ನ ಹಿಂದೆ ಕೇಳಿಸ್ತಿತ್ತು, ತಿರುಗಿ ನೋಡ್ಲಿಲ್ಲ, ತಿರುಗಿದ್ರೆ ಬಿಟ್ಟುಕೊಟ್ಟ ಹಂಗೆ ಅಂತ ಇಬ್ರಿಗೂ ಗೊತ್ತು. ಎದುರಿಗೆ ಯಾರೋ ಗುರುತಿಲ್ಲದೋರು ಓಡ್ತಿದ್ರೆ ನಂಗೆ ಆ ಶಕ್ತಿ ಬರ್ತಿರ್ಲಿಲ್ಲ. ನಾನು ಎಲ್ಲಿ ಸುಸ್ತಾಗ್ತೀನಿ, ಯಾವ ಏರಲ್ಲಿ ಸೋಲ್ತೀನಿ ಅಂತ ಅವ್ನಿಗೆ ಗೊತ್ತು, ಅವ್ನದ್ದು ನಂಗೆ ಗೊತ್ತು. ಮುಗಿದ ಮೇಲೆ ಇಬ್ರೂ ರೋಡ್ ಪಕ್ಕ ಮೊಣಕಾಲಿಗೆ ಕೈ ಕೊಟ್ಟು ನಿಂತು ಐದು ನಿಮಿಷ ಮಾತೇ ಆಡ್ಲಿಲ್ಲ, ಅಷ್ಟು ಖುಷಿ ನಂಗೆ ಬೇರೆಲ್ಲೂ ಸಿಕ್ಕಿಲ್ಲ.

ನಾನ್ಯಾಕೆ ಓಡ್ತೀನಿ ಅಂದ್ರೆ ಇದೇ ಉತ್ತರ. ಪೂರ್ತಿ ಓಡೋದೂ ಗೆಳೆತನಾನೇ. ಎಂಟು ತಿಂಗಳ ಕಷ್ಟ ಬಿಡಬೇಡಿ.

ಸ್ಯಾಂಕಿ_ಬೆಳಗು, ಮಲ್ಲೇಶ್ವರ:

ನಾನು ಒಪ್ಪಲ್ಲ. ಟೈಮ್ ಮುಂದಿನ ವರ್ಷಾನೂ ಸಿಗುತ್ತೆ.

ನಂಗೆ ಫ್ರೆಂಡ್ಸ್ ಇಲ್ದೆ ಓಟಾನೇ ಇಲ್ಲ, ಯಾಕೆ ಅಂತ ಹೇಳ್ತೀನಿ. ನಾವು ಐದು ಜನ ಹೆಂಗಸ್ರು, ಎಲ್ರಿಗೂ ಮಕ್ಕಳು, ಡಬ್ಬಿ, ಸ್ಕೂಲ್ ವ್ಯಾನು, ಆಫೀಸು. ಓಡೋಕೆ ಸಿಗೋ ಟೈಮು ಅಂದ್ರೆ ಬೆಳಗ್ಗೆ ಐದರಿಂದ ಆರು, ಆಗ ಕತ್ತಲೆ. ಒಬ್ಳೇ ಹೋಗ್ತಿದ್ದಾಗ ಒಂದ್ಸಲ ಬೈಕಲ್ಲಿ ಒಬ್ಬ ಎರಡು ರೋಡ್ ಹಿಂದೆ ಹಿಂದೆ ಬಂದ, ಇನ್ನೊಂದ್ಸಲ ನಾಯಿಗಳು ಅಟ್ಟಿಸ್ಕೊಂಡು ಬಂದ್ವು. ಮೂರು ತಿಂಗಳು ಶೂ ಮುಟ್ಟಲಿಲ್ಲ. ಆಮೇಲೆ ಅಪಾರ್ಟ್‌ಮೆಂಟಿನ ಒಬ್ರು ಅಕ್ಕ ಲಿಫ್ಟಲ್ಲಿ ಕೇಳಿದ್ರು, ನೀನು ಓಡ್ತಿದ್ದೆ ಅಲ್ವಾ, ನಾನು ಬಂದ್ರೆ ಬರ್ತೀಯಾ ಅಂತ. ಅಲ್ಲಿಂದ ಶುರು. ಐದು ಜನ ಒಟ್ಟಿಗೆ ಹೋದ್ರೆ ಅದೇ ರೋಡು ಬೇರೆ ಥರ ಕಾಣುತ್ತೆ, ಗಂಡಸ್ರಿಗೆ ಇದು ಹೇಳಿದ್ರೆ ಪೂರ್ತಿ ಅರ್ಥ ಆಗುತ್ತೋ ಇಲ್ವೋ.

ನಾನು ಹುಟ್ಟಿದ್ದು 1984ರಲ್ಲಿ. ಒಲಿಂಪಿಕ್ಸಲ್ಲಿ ಹೆಂಗಸರಿಗೆ ಮೊದಲನೇ ಸಲ ಮ್ಯಾರಥಾನ್ ಓಡೋಕೆ ಬಿಟ್ಟಿದ್ದು ಅದೇ ವರ್ಷ, ಲಾಸ್ ಏಂಜಲೀಸಲ್ಲಿ. ಗಂಡಸರದ್ದು 1896ರಿಂದ ಇತ್ತು! ಇದನ್ನ ಓದಿದ ದಿನ ನಮ್ಮ ಗುಂಪಲ್ಲಿ ಹೇಳ್ದೆ, ಅಕ್ಕ ಅಂದ್ರು, ಅಂದ್ರೆ ನಾನು ಹುಟ್ಟಿದಾಗ ನಂಗೆ ಅವಕಾಶಾನೇ ಇರ್ಲಿಲ್ಲ, ನಿನಗೆ ಇತ್ತು, ಅಂತ. 1967ರಲ್ಲಿ ಬಾಸ್ಟನ್ ಮ್ಯಾರಥಾನಲ್ಲಿ ಕ್ಯಾಥರೀನ್ ಸ್ವಿಟ್ಜರ್ 261 ನಂಬರ್ ಹಾಕ್ಕೊಂಡು ಓಡ್ತಿರುವಾಗ ರೇಸಿನವ್ರೇ ಬಂದು ಎಳೆದು ಹೊರಗೆ ಹಾಕೋಕೆ ನೋಡಿದ್ರು, ಅವ್ರನ್ನ ಕಾಪಾಡಿದ್ದೂ ಪಕ್ಕದಲ್ಲಿ ಓಡ್ತಿದ್ದ ಜೊತೆಗಾರರೇ.

ನಮ್ಮ ಗುಂಪಲ್ಲಿ ಒಬ್ಬಳಿಗೆ ಎರಡನೇ ಹೆರಿಗೆ ಆಗಿ ವರ್ಷ ಆಗಿತ್ತು, ಮೊದಲ 10ಕೆ. ನಾವು ನಾಲ್ಕೂ ಜನ ಅವಳ ವೇಗಕ್ಕೇ ಓಡಿದ್ವಿ. ಏಳನೇ ಕಿಲೋಮೀಟರಲ್ಲಿ ಅವಳು ಅತ್ಲು, ಕಾಲು ನೋವಿಗಲ್ಲ, ಒಂದು ವರ್ಷ ಆದ್ಮೇಲೆ ನನ್ನ ಮೈ ನಂದು ಅನ್ನಿಸ್ತಿದೆ ಕಣೇ ಅಂದ್ಲು. ನನ್ನ ಟೈಮು ಅವತ್ತು 1 ಗಂಟೆ 27 ನಿಮಿಷ, ನಾನು ಓಡಿರೋದರಲ್ಲೆಲ್ಲಾ ನಿಧಾನ ಅದೇ, ಮೆಡಲ್ ಗೋಡೆ ಮೇಲೆ ಹಾಕಿರೋದೂ ಅದೊಂದೇ. ಆಮೇಲೆ ಎಲ್ರೂ ಬೆಣ್ಣೆ ದೋಸೆ ತಿಂದ್ವಿ, ಎರಡೆರಡು.

ಮೇಷ್ಟ್ರ ಜೊತೆ ಹೋಗಿ ಸರ್. ರಟ್ಟೆ ಹಿಡ್ಕೊಂಡು ಓಡಿಸ್ಕೊಂಡು ಬಂದೋರು ಅವ್ರು.

ಕಡಲ_ಬದಿ, ಮಂಗಳೂರು:

ನನಗೆ ಒಬ್ಬನೇ ಓಡುದೇ ಇಷ್ಟ ಮಾರಾಯ್ರೆ. ಶಾಲೆಯಲ್ಲಿ ಇಡೀ ದಿನ ಅರವತ್ತು ಮಕ್ಕಳ ಮಧ್ಯೆ ಇರ್ತೇನೆ, ಮನೆಗೆ ಬಂದ್ರೆ ಅಲ್ಲಿಯೂ ಜನ. ಬೆಳಿಗ್ಗೆ ತಣ್ಣೀರುಬಾವಿ ಬೀಚಿನಲ್ಲಿ ನೀರು ಇಳಿದ ಗಟ್ಟಿ ಮರಳಿನ ಮೇಲೆ ಒಂದು ಗಂಟೆ, ಯಾರೂ ಇಲ್ಲ, ಯಾರೂ ಸರ್ ಸರ್ ಅಂತ ಕರೆಯುದಿಲ್ಲ. ಇಲ್ಲಿಯ ಸೆಕೆಗೆ ಅಂಗಿ ಹಿಂಡಿದ್ರೆ ನೀರು ಬರ್ತದೆ, ಆದ್ರೂ ಆ ಒಂದು ಗಂಟೆ ನನಗೆ ಬೇಕೇ ಬೇಕು.

ಹಾಗಂತ ರೇಸಿಗೆ ಮಾತ್ರ ಒಬ್ಬನೇ ಹೋಗುದಿಲ್ಲ, ಅದೊಂದು ವಿಚಿತ್ರ ಉಂಟು. ನಮ್ಮ ಊರಿನ ಪೂವಮ್ಮ 2014ರಲ್ಲಿ ಮತ್ತೆ 2018ರಲ್ಲಿ ಏಷ್ಯನ್ ಗೇಮ್ಸಿನಲ್ಲಿ ಚಿನ್ನ ತಂದದ್ದು ರಿಲೇಯಲ್ಲಿ ಅಲ್ವಾ, ನಾಲ್ಕು ನಾಲ್ಕುನೂರು ಮೀಟರ್. ಓಡುವಾಗ ಒಬ್ಬಳೇ, ಆದ್ರೆ ಬ್ಯಾಟನ್ ಕೊಡ್ಲಿಕ್ಕೆ ಎದುರಿಗೆ ಒಬ್ಬಳು ಕಾಯ್ತಾ ಇರ್ತಾಳೆ. ನಾನು ಪ್ರತಿ ಸಲ ಅದನ್ನೇ ಯೋಚಿಸುದು. ನಿಮ್ಮ ಪ್ರಶ್ನೆಗೆ ಇದು ಉತ್ತರ ಅಲ್ಲ, ಸುಮ್ಮನೆ ಹೇಳಿದೆ.

ಧಾರವಾಡ_ರೂಮ್:

ನಮ್ಮದು ಬ್ಯಾರೆ ಕತಿ ಐತ್ರಿ. ನಾ ಧಾರವಾಡದಾಗ ರೂಮ್ ಮಾಡ್ಕೊಂಡು ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷಾಕ್ಕ ಓದಾಕತ್ತಿದ್ದೆ, ಊರು ಸವದತ್ತಿ ಕಡೆ, ಅಪ್ಪಂದು ಎರಡೆಕರೆ ಮಳಿ ಮ್ಯಾಲಿನ ಹೊಲ. ನಮಗ ಓಟ ಅಂದ್ರ ಆರೋಗ್ಯ ಅಲ್ರಿ, ನೌಕ್ರಿ. ಗಂಡಹುಡುಗ್ರಿಗೆ 1600 ಮೀಟರ್, ಆರೂವರಿ ನಿಮಿಷದಾಗ. ನಾಕು ರೌಂಡು, ರೌಂಡಿಗೆ 97 ಸೆಕೆಂಡ್ ದಾಟಿದ್ರ ಮುಗೀತು, ಎಷ್ಟು ಓದಿದ್ರೂ ಮನಿಗೆ.

ರೂಮ್ನ್ಯಾಗ ಐದು ಮಂದಿ, ಶೂ ಮೂರು ಜೋಡಿ. ಒಂದ ಸೈಜಿನವ್ರು ಪಾಳಿ ಮ್ಯಾಲ ಹಾಕ್ಕೊಂಡು ಓಡ್ತಿದ್ವಿ. ಬೆಳಿಗ್ಗೆ ಐದಕ್ಕ ಎದ್ದು ಯುನಿವರ್ಸಿಟಿ ಕಡೆ ಹೋಗೂದು, ನಾಕು ನಾಕುನೂರು ಜೋರ್ ಓಡೂದು ನಡುವ ಉಸಿರು ತಗೊಳ್ಳೂದು, ಬಂದು ಶೇಂಗಾ ಬೆಲ್ಲ ತಿಂದು ಓದಾಕ ಕುಂದ್ರೂದು. ಮೊದಲನೇ ಸಲ ಹ್ವಾದಾಗ ನಂದು 6 ನಿಮಿಷ 34 ಸೆಕೆಂಡ್. ನಾಕ ನಾಕು ಸೆಕೆಂಡ್‌ಕ ಹೊರಗ ಬಿದ್ದೆ. ಉಳಿದ ನಾಕೂ ಮಂದಿ ಪಾಸು. ಅವತ್ತು ರಾತ್ರಿ ಅವ್ರು ಖುಷಿನೂ ಮಾಡ್ಲಿಲ್ರಿ, ನನ್ನ ಮುಂದ ನಗಾಕ ಮನಸ್ಸು ಬರಲಿಲ್ಲ ಅವ್ರಿಗೆ.

ಮುಂದಿನ ಸಲದ ನೋಟಿಫಿಕೇಶನ್ ಬರೂತನಕ ಅವ್ರೊಳಗ ಒಬ್ಬ, ಟ್ರೇನಿಂಗ್ ಕರೆ ಬರೂದ ಕಾಯಾಕತ್ತಿದ್ದ, ಇನ್ನ ಓಡೂ ಜರೂರತ್ತ ಇರ್ಲಿಲ್ಲ ಅವಗ, ದಿನಾ ನನ್ನ ಜೋಡಿ ಬಂದ. ನನ್ನಕಿಂತ ಎರಡು ಹೆಜ್ಜಿ ಮುಂದ ಓಡಾಂವ, ಅಷ್ಟ. ಎರಡನೇ ಸಲ ಪರೀಕ್ಷಾ ದಿನ ಅವಗ ಒಳಗ ಬಿಡೂದಿಲ್ಲಲ್ರಿ, ಕಂಪೌಂಡ್ ಹೊರಗ ನಿಂತು ನಾ ಆ ಕಡೆ ಬಂದಾಗೊಮ್ಮೆ ನನ್ನ ಹೆಸರು ಹಿಡದು ಒದರಾಕತ್ತಿದ್ದ. 6 ನಿಮಿಷ 11 ಸೆಕೆಂಡ್. ಈಗ ಡ್ಯೂಟಿ ಮ್ಯಾಲ ಅದೀನಿ. ಈಗೂ ಓಡ್ತೀನಿ, ಎರಡು ಹೆಜ್ಜಿ ಮುಂದ ಅಂವ ಇದ್ದಂಗ ಅನಸ್ತೈತಿ.

ಅಣ್ಣಾರ, ನೀವು ನಿಮ್ಮ ಟೈಮಿಗೆ ಓಡ್ರಿ. ಮಾಸ್ತರಿಗೂ ಅದ ಖುಷಿ ಆಗ್ತೈತಿ ಅಂತ ನನಗ ಅನಸ್ತೈತಿ.

ಸ್ಯಾಂಕಿ_ಬೆಳಗು:

ಧಾರವಾಡದ ತಮ್ಮ, ಕಂಪೌಂಡ್ ಹೊರಗಿನ ಆ ಫ್ರೆಂಡಿಗೆ ನನ್ನ ಕಡೆಯಿಂದ ನಮಸ್ಕಾರ ಹೇಳಪ್ಪ. ಓದಿ ಕಣ್ಣು ತುಂಬಿ ಬಂತು.

ಥೇಮ್ಸ್_ಕನ್ನಡಿಗ, ಲಂಡನ್:

ಇಲ್ಲಿಗೆ ಬಂದ ಮೊದಲ ಚಳಿಗಾಲ, ಸಂಜೆ ನಾಲ್ಕಕ್ಕೆ ಕತ್ತಲಾಗ್ತಿತ್ತು, ವಾರಪೂರ್ತಿ ಆಫೀಸಿನವ್ರು ಬಿಟ್ರೆ ಯಾರ ಹತ್ರಾನೂ ಮಾತಾಡದ ವಾರಗಳಿದ್ವು. ಆಫೀಸಲ್ಲಿ ಒಬ್ರು ಪಾರ್ಕ್‌ರನ್ ಬಗ್ಗೆ ಹೇಳಿದ್ರು. ಪ್ರತಿ ಶನಿವಾರ ಬೆಳಗ್ಗೆ ಒಂಬತ್ತಕ್ಕೆ, ಐದು ಕಿಲೋಮೀಟರ್, ದುಡ್ಡಿಲ್ಲ, ಒಂದ್ಸಲ ಹೆಸರು ನೋಂದಾಯಿಸಿ ಬಾರ್‌ಕೋಡ್ ತಗೊಂಡ್ರೆ ಸಾಕು. 2004ರಲ್ಲಿ ಇದೇ ಲಂಡನ್ನಿನ ಬುಶಿ ಪಾರ್ಕಲ್ಲಿ ಹದಿಮೂರು ಜನರಿಂದ ಶುರುವಾಗಿದ್ದು, ಈಗ ಎಷ್ಟೋ ದೇಶಗಳಲ್ಲಿ ನಡೆಯುತ್ತೆ. ನಡೆಸೋರೆಲ್ಲಾ ಸ್ವಯಂಸೇವಕರು.

ಅದರಲ್ಲಿ ನಂಗೆ ತುಂಬಾ ಹಿಡಿಸಿದ್ದು ಒಂದು ವಿಷ್ಯ. ಎಲ್ಲರಿಗಿಂತ ಹಿಂದೆ ನಡೆಯೋಕೆ ಅಂತಾನೇ ಒಬ್ರು ಇರ್ತಾರೆ, ಟೇಲ್ ವಾಕರ್ ಅಂತಾರೆ. ಕೊನೆಗೆ ಬರೋರು ಯಾವಾಗ್ಲೂ ಅವ್ರೇ, ಹಂಗಾಗಿ ಓಡೋಕೆ ಬಂದ ಯಾರೂ ಕೊನೆಯೋರಾಗಲ್ಲ. ಮೊದಲನೇ ವಾರ ಮಂಡಿ ನೋವಾಗಿ ನಾನು ನಡೀತಾ ಹಿಂದೆ ಬಿದ್ದಾಗ ಆ ಕೆಲ್ಸದಲ್ಲಿದ್ದ ಒಬ್ರು ಅಜ್ಜಿ ನನ್ನ ಜೊತೆ ಪೂರ್ತಿ ಬಂದ್ರು, ನಿಮ್ಮ ಊರಲ್ಲಿ ಮಳೆ ಹೆಂಗೆ, ಏನ್ ಬೆಳೀತೀರಾ ಅಂತೆಲ್ಲಾ ಕೇಳ್ಕೊಂಡು. ತೀರ್ಥಹಳ್ಳಿ ಮಳೆ ಬಗ್ಗೆ ಅಷ್ಟು ಹೊತ್ತು ನಾನು ಯಾರ ಹತ್ರಾನೂ ಮಾತಾಡಿರ್ಲಿಲ್ಲ. ಈಗ ತಿಂಗಳಿಗೊಂದ್ಸಲ ನಾನೇ ಆ ಕೆಲ್ಸಕ್ಕೆ ಹೆಸರು ಕೊಡ್ತೀನಿ.

ಇನ್ನೊಂದು ಮಾತು, ಕೀನ್ಯಾದ ಓಟಗಾರ ಕಿಪ್ಚೋಗೆ 2019ರಲ್ಲಿ ವಿಯೆನ್ನಾದಲ್ಲಿ ಮ್ಯಾರಥಾನ್ ದೂರಾನ ಎರಡು ಗಂಟೆ ಒಳಗೆ, 1:59:40ಕ್ಕೆ ಓಡಿದಾಗ ಸುತ್ತ ಪಾಳಿ ಪ್ರಕಾರ ಅವ್ನ ವೇಗ ಕಾಯೋ 41 ಜನ ಪೇಸರ್‌ಗಳು ಓಡಿದ್ರು. ಹಂಗಾಗಿ ಅದು ದಾಖಲೆ ಅಂತ ಲೆಕ್ಕಕ್ಕೆ ಬರಲಿಲ್ಲ. ಆದ್ರೆ ವಿಡಿಯೋ ನೋಡಿ, ಕೊನೇಲಿ ಅವ್ರೆಲ್ಲಾ ಹಿಂದೆ ಸರಿದು ಅವ್ನೊಬ್ಬನನ್ನೇ ಮುಂದೆ ಬಿಡ್ತಾರೆ, ಮುಖದಲ್ಲಿ ಅವ್ನಿಗಿಂತ ಜಾಸ್ತಿ ಖುಷಿ. ಮೇಷ್ಟ್ರು ಆ 41 ಜನರಲ್ಲಿ ಒಬ್ರಾಗಿರಬಹುದು ಅಲ್ವಾ?

ಅಮಾನಿಕೆರೆ_ಅಜ್ಜ, ತುಮಕೂರು:

ಮಕ್ಕಳೇ, ನಾನು ಕೆಎಸ್ಸಾರ್ಟಿಸಿ ಡ್ರೈವರಾಗಿದ್ದೋನು, ರಿಟೈರಾಗಿ ಆರು ವರ್ಷ ಆಯ್ತು. ಮೂವತ್ತೊಂದು ವರ್ಷ ಸೀಟಲ್ಲಿ ಕೂತೇ ಇದ್ದೆ. ಊಟಕ್ಕೆ ಹೊತ್ತು ಗೊತ್ತಿಲ್ಲ, ನಿದ್ದೆಗೆ ಹೊತ್ತು ಗೊತ್ತಿಲ್ಲ, ಐವತ್ತಕ್ಕೇ ಶುಗರ್ ಬಂತು. ರಿಟೈರಾದ ಮಾರನೇ ದಿನ ಅಮಾನಿಕೆರೆ ಏರಿ ಮೇಲೆ ಹೋಗಿ ನಿಂತೆ, ಇಷ್ಟು ದಿನ ಚಕ್ರ ಓಡಿದ್ದು ಇನ್ನು ನಾನು ಓಡ್ತೀನಿ ಅಂತ. ನಿಜ ಹೇಳ್ಬೇಕು ಅಂದ್ರೆ ಮೊದಲ ದಿನ ನೂರು ಹೆಜ್ಜೆಗೆ ನಿಂತೆ. ಡಾಕ್ಟ್ರನ್ನ ಕೇಳ್ದೆ ಶುರು ಮಾಡಿದ್ದು ತಪ್ಪು, ನೀವು ಹಂಗೆ ಮಾಡಬೇಡಿ, ಶುಗರ್ ಮಾತ್ರೆ ತಗೊಳ್ಳೋರು ಓಡೋಕೆ ಹೋಗೋ ಮುಂಚೆ ಕೇಳಲೇಬೇಕು, ಇದ್ದಕ್ಕಿದ್ದಂಗೆ ಶುಗರ್ ಇಳಿದ್ರೆ ಅಪಾಯ, ಜೇಬಲ್ಲಿ ಬೆಲ್ಲದ ಚೂರು ಇರ್ಲಿ. ಈಗ ದಿನಾ ಐದು ಕಿಲೋಮೀಟರ್. ಜೊತೆಗೆ ನನ್ನ ಹಳೇ ಕಂಡಕ್ಟರ್ ಬರ್ತಾರೆ. ಈಗ್ಲೂ ಹೊರಡೋವಾಗ ಅವ್ರೇ ರೈಟ್ ಅನ್ನೋದು.

ಪ್ರೆಸ್ಸಿನ ತಮ್ಮಂಗೆ ಒಂದು ಮಾತು. ಇಷ್ಟು ಜನ ಹಂಗ್ ಮಾಡಿ ಹಿಂಗ್ ಮಾಡಿ ಅಂದ್ರು. ನೀವು ಮೇಷ್ಟ್ರನ್ನ ಕೇಳಿದ್ರಾ?

ಕೆರೆ_ಏರಿ:

ಅಜ್ಜ, ನಿಮ್ಮ ಸಾಲು ಓದಿ ಫೋನ್ ಕೆಳಗಿಟ್ಟೆ. ಕೇಳಿರ್ಲಿಲ್ಲ. ಕೇಳಿದ್ರೆ ಅವ್ರಿಗೆ ಬೇಜಾರಾಗುತ್ತೆ ಅಂತ ನಾನೇ ಅನ್ಕೊಂಡುಬಿಟ್ಟಿದ್ದೆ.

ಗುರುವಾರ ಕೆರೆ ಹತ್ರ ಕೇಳ್ದೆ. ಅವ್ರು ಸ್ವಲ್ಪ ಹೊತ್ತು ಏನೂ ಹೇಳ್ಲಿಲ್ಲ, ನೀರಲ್ಲಿ ಹೆಜ್ಜಾರ್ಲೆಗಳು ಕೂತಿದ್ವು ಅದನ್ನೇ ನೋಡ್ತಿದ್ರು. ಆಮೇಲೆ ಅಂದ್ರು, ಅಣ್ಣನ ಕೊನೇ ಆರು ತಿಂಗಳು ನಾನು ಅವನಿಗಿಂತ ನಿಧಾನವಾಗಿ ನಡೀತಿದ್ದೆ, ಅವನಿಗೆ ಬೇಕಂತಲೇ ಮಾಡ್ತಿದೀನಿ ಅಂತ ಗೊತ್ತಾಗ್ತಿತ್ತು, ಒಂದಿನ ನೀನು ಮುಂದೆ ಹೋಗೋ ನಾನು ನಿನ್ನ ಬೆನ್ನು ನೋಡ್ಕೊಂಡು ಬರ್ತೀನಿ ಅಂದ. ನನ್ನ ಜೊತೆ ನೀವು ಹಂಗೆ ಓಡಬೇಡಿ. ವಾರಕ್ಕೆ ಮೂರು ದಿನ ಜೊತೆಗೇ ಓಡ್ತೀವಲ್ಲ ಸಾಕು. ನಾಲೆ ಏರಿ ಮೇಲೆ ಹೋಗಿ ತಿರುಗಿ ಬರೋದು ತಾನೇ, ನಡುವೆ ಎದುರಿಗೆ ಸಿಕ್ಕೇ ಸಿಗ್ತೀರಾ, ಆಗ ನಿಮ್ಮ ಟೈಮ್ ಹೇಳಿ, ಅಂದ್ರು.

ಅಷ್ಟು ಹೇಳಿ ಓಡೋಕೆ ಶುರು ಮಾಡಿದ್ರು. ನಾನು ಹಿಂದೆ ಹೋದೆ.

ಕಬ್ಬನ್_ಭಾನುವಾರ:

ಸರ್ ನಾನು ಮೊದ್ಲೇ ಬರೆದಿದ್ದಕ್ಕೆ ಸ್ವಲ್ಪ ನಾಚಿಕೆ ಆಗ್ತಿದೆ, ಗೆಳೆತನ ಅಂತ ದೊಡ್ಡದಾಗಿ ಹೇಳ್ದೆ, ಕೇಳಬೇಕು ಅನ್ನೋದು ನಂಗೂ ಹೊಳೀಲಿಲ್ಲ. ಎರಡು ಗಂಟೆಗೆ ಕಿಲೋಮೀಟರಿಗೆ 5:41 ಬೇಕು. ಮಣ್ಣು ದಾರಿ, ಮಳೆ ಬಂದಿದ್ರೆ ಜಾರುತ್ತೆ, ಮೊದಲ ಐದು ಕಿಲೋಮೀಟರ್ ಆಸೆಪಡಬೇಡಿ. ಬಿಸಿಲಿಗೆ ನೆರಳು ಕಮ್ಮಿ, ನೀರಿನ ಜೊತೆ ಉಪ್ಪೂ ತಗೊಳ್ಳಿ, ಬರೀ ನೀರು ಜಾಸ್ತಿ ಕುಡಿದ್ರೂ ತೊಂದ್ರೆ. ತೊಡೆ ಸಂದಿಗೆ ವ್ಯಾಸಲೀನ್ ಮರೀಬೇಡಿ. ಹೊಸ ಶೂ ಬೇಡ.

ಸ್ಯಾಂಕಿ_ಬೆಳಗು:

ಮೇಷ್ಟ್ರ ಮಾತು ಒಪ್ಕೊಂಡೆ. ಆದ್ರೂ ಎದುರಿಗೆ ಸಿಕ್ಕಾಗ ಬರೀ ಟೈಮ್ ಹೇಳಿ ಹೋಗಬೇಡಿ.

ಕೆರೆ_ಏರಿ:

ರೇಸ್ ಮುಗೀತು, ಇವತ್ತು ಸೋಮವಾರ, ಮೆಟ್ಟಿಲು ಇಳಿಯೋಕೆ ಆಗ್ತಿಲ್ಲ, ಕೂತು ಬರೀತಿದೀನಿ.

ಭಾನುವಾರ ನಾಲ್ಕಕ್ಕೆ ಆಟೋ ತಮ್ಮನ ಆಟೋಲೇ ಮೂರೂ ಜನ ಹೊರಟ್ವಿ. ದಾರೀಲಿ ಮಾತಿಲ್ಲ, ಮೇಷ್ಟ್ರು ಬಾಳೆಹಣ್ಣು ಹಂಚಿದ್ರು. ಅಲ್ಲಿ ಇನ್ನೂ ಮಬ್ಬು ಬೆಳಕು, ಗದ್ದೆ ಮೇಲೆಲ್ಲಾ ಮಂಜು, ರಂಗನತಿಟ್ಟಿನ ಕಡೆಯಿಂದ ಕೊಕ್ಕರೆಗಳು ಸಾಲಾಗಿ ಹಾರಿ ಬರ್ತಿದ್ವು. ಶುರುವಾಗೋ ಜಾಗದಲ್ಲಿ ಮೂರೂ ಜನ ಒಬ್ರ ಎದೆಗೆ ಒಬ್ರು ಬಿಬ್ ನಂಬರ್ ಪಿನ್ ಮಾಡಿದ್ವಿ. ಆಟೋ ತಮ್ಮನ ಕೈ ನಡುಗ್ತಿತ್ತು, ಅವ್ನಿಗೆ ಇದು ಮೊದಲ ರೇಸು, ಶೂ ಮಾತ್ರ ಅದೇ ಕ್ಯಾನ್ವಾಸು.

ಶುರುವಿನಲ್ಲಿ ಕಬ್ಬನ್ ಸರ್ ಹೇಳಿದ ಹಂಗೆ ನಿಧಾನ ಹೋದೆ. ಒಂದು ಕಡೆ ನಾಲೆ ನೀರು, ಇನ್ನೊಂದು ಕಡೆ ಕಬ್ಬು ಭತ್ತ, ಬಟ್ಟೆ ಒಗೀತಿದ್ದ ಹೆಂಗಸರು ಕೈ ಬೀಸ್ತಿದ್ರು, ಸೈಕಲ್ ತಳ್ಕೊಂಡು ಬರ್ತಿದ್ದ ಒಬ್ಬ ತಾತ ನಿಂತು ದಾರಿ ಬಿಟ್ರು. ತಿರುಗೋ ಜಾಗಕ್ಕೆ ಸರಿಯಾಗಿ ಒಂದು ಗಂಟೆ ಆಗಿತ್ತು. ಅಲ್ಲಿಗೆ ಮುಂಚೇನೇ ಆಟೋ ತಮ್ಮ ಎದುರಿಂದ ಬಂದ, ಹಲ್ಲು ಕಿರೀತಾ, ಅಣ್ಣಾ ಅಂತ ಕೂಗಿ ಹೋದ, ನಿಲ್ಲಲೇ ಇಲ್ಲ.

ತಿರುಗಿದ ಮೇಲೆ ನಾನು ಟೈಮ್ ನೋಡೋದು ಬಿಟ್ಟು ಎದುರು ಬರೋ ಮುಖಗಳನ್ನ ನೋಡೋಕೆ ಶುರು ಮಾಡ್ದೆ. ನಂದು ಹನ್ನೆರಡೂವರೆ ಕಿಲೋಮೀಟರ್ ದಾಟಿತ್ತು, ಅವ್ರದ್ದು ಎಂಟೂವರೆ. ದೂರದಿಂದಾನೇ ಗೊತ್ತಾಯ್ತು, ಮೇಷ್ಟ್ರು ಓಡೋವಾಗ ಎಡಗೈ ಸ್ವಲ್ಪ ಹೊರಗೆ ಬೀಸ್ತಾರೆ, ಬೋರ್ಡ್ ಒರೆಸೋ ಹಂಗೆ. ಮುಖ ಬಿಳಿಚ್ಕೊಂಡಿರ್ಲಿಲ್ಲ, ಚೆನ್ನಾಗೇ ಇದ್ರು. ನಾನು ನಿಂತೆ. ನಿಲ್ಲಬೇಡಿ ನಿಲ್ಲಬೇಡಿ ಅಂದ್ರು. ನಾನು ಅವ್ರ ಕೈ ಗಟ್ಟಿಯಾಗಿ ಹಿಡ್ಕೊಂಡು ಒಂದು ಗಂಟೆ ಹನ್ನೆರಡು ನಿಮಿಷ ಅಂದೆ. ಮನಸಲ್ಲೇ ಲೆಕ್ಕ ಹಾಕಿ, ಆಗುತ್ತೆ, ಅರ್ಧ ನಿಮಿಷ ಕೈಲಿ ಇರುತ್ತೆ, ಹೋಗಿ, ಅಂತ ಬೆನ್ನು ತಟ್ಟಿದ್ರು.

ಹದಿನೇಳರಿಂದ ಹತ್ತೊಂಬತ್ತು ಕಿಲೋಮೀಟರ್ ಏನಾಯ್ತು ಅಂತ ಸರಿಯಾಗಿ ನೆನಪಿಲ್ಲ. ಬಿಸಿಲು ಬಂದಿತ್ತು, ಮೀನಖಂಡ ಹಿಡಿತಿತ್ತು. ಗಣಿತದ ಮೇಷ್ಟ್ರು ಆಗುತ್ತೆ ಅಂದಿದಾರೆ, ಲೆಕ್ಕ ತಪ್ಪಲ್ಲ, ಇದೊಂದೇ ತಲೇಲಿ ಓಡ್ತಿತ್ತು. ಮುಗಿಸಿದಾಗ 1:59:22.

ಆಟೋ ತಮ್ಮ ನನಗಿಂತ ಹನ್ನೊಂದು ನಿಮಿಷ ಮುಂಚೆ ಬಂದಿದ್ದ. ಎರಡು ಲೋಟ ನೀರು ಕುಡಿದು, ಕಾಲು ಸ್ವಲ್ಪ ಎಳೆದು ಸರಿ ಮಾಡ್ಕೊಂಡು, ಇಬ್ರೂ ಏರಿ ಪಕ್ಕದಲ್ಲೇ ವಾಪಸ್ ನಡೆದ್ವಿ. ಎರಡೂವರೆ ಕಿಲೋಮೀಟರ್ ಹೋದ್ಮೇಲೆ ಮೇಷ್ಟ್ರು ಸಿಕ್ಕಿದ್ರು, ಆದ್ರೆ ಒಬ್ರೇ ಇರ್ಲಿಲ್ಲ. ಇಪ್ಪತ್ತು ವರ್ಷದ ಒಬ್ಬ ಹುಡುಗ, ಕಾಲು ಕ್ರ್ಯಾಂಪ್ ಆಗಿ ಕುಂಟ್ತಿದ್ದ, ಮೇಷ್ಟ್ರು ತಮ್ಮ ಉಪ್ಪಿನ ಪ್ಯಾಕೆಟ್ ಅವ್ನಿಗೆ ಕೊಟ್ಟು ಜೊತೆಗೆ ನಡೆಸ್ಕೊಂಡು ಬರ್ತಿದ್ರು. ಹುಡುಗ ಯಾರು ಅಂತ ಅವ್ರಿಗೂ ಗೊತ್ತಿಲ್ಲ. ನನ್ನ ನೋಡಿದ ತಕ್ಷಣ ಎಷ್ಟು ಅಂತ ಕೇಳಿದ್ರು. ಹೇಳ್ದೆ. ಮೂವತ್ತೆಂಟು ಸೆಕೆಂಡ್ ಅಂದ್ರು, ಹಂಗೇ ತಲೆ ಆಡಿಸ್ತಾ ಇನ್ನೊಂದ್ಸಲ ಮೂವತ್ತೆಂಟು ಸೆಕೆಂಡ್ ಅಂದ್ರು, ಕಣ್ಣು ಒದ್ದೆ ಆಗಿತ್ತು. ನಾಲ್ಕೂ ಜನ ಒಟ್ಟಿಗೆ ಬಂದ್ವಿ, ಮೇಷ್ಟ್ರದ್ದು 3 ಗಂಟೆ 14 ನಿಮಿಷ. ಕೊನೇ ನೂರು ಮೀಟರ್ ಆ ಹುಡುಗ ಓಡ್ತೀನಿ ಅಂದ, ಮೇಷ್ಟ್ರೂ ಓಡಿದ್ರು, ನಾನು ಆಟೋ ತಮ್ಮ ಪಕ್ಕದಲ್ಲಿ ನಿಂತು ಗಂಟಲು ಕಟ್ಟೋವರೆಗೆ ಕೂಗಿದ್ವಿ.

ಅಲ್ಲಿಂದ ಸೀದಾ ಮನೆಗೆ ಹೋದ್ವಿ. ಅಮ್ಮ ಮೊದ್ಲು ಕೇಳಿದ್ದು ಮೇಷ್ಟ್ರಿಗೆ ಸುಸ್ತಾಗ್ಲಿಲ್ಲ ತಾನೇ ಅಂತ. ಅವ್ರಿಗೆ ನೀರು ಅಳತೆ ಮೇಲೆ ಕುಡೀಬೇಕು, ಆದ್ರೂ ನಮ್ಮ ಮೂವರಿಗೂ ದೊಡ್ಡ ದೊಡ್ಡ ಲೋಟದಲ್ಲಿ ಮಜ್ಜಿಗೆ ಕೊಟ್ಟು ಮುಂದೆ ಕೂತು ನಾವು ಕುಡಿಯೋದನ್ನ ನೋಡ್ತಿದ್ರು.

ಧಾರವಾಡ_ರೂಮ್:

ಮೂವತ್ತೆಂಟು ಸೆಕೆಂಡ್! ಶಾಬ್ಬಾಸ್ ಅಣ್ಣಾರ. ಮಾಸ್ತರಿಗೆ ನನ್ನ ಕಡೆಯಿಂದ ಒಂದು ಸೆಲ್ಯೂಟ್.

ಅಮಾನಿಕೆರೆ_ಅಜ್ಜ:

ಓದಿ ಕಂಡಕ್ಟರಿಗೂ ಓದಿ ಹೇಳ್ದೆ. ಬಾಳಿ ತಮ್ಮ.

ಕಡಲ_ಬದಿ:

ಮುಂದಿನ ವಾರ ಮದುವೆಗೆ ಮೈಸೂರಿಗೆ ಬರ್ಲಿಕ್ಕುಂಟು, ಎರಡು ದಿನ ಇರ್ತೇನೆ. ಗುರುವಾರ ಬೆಳಿಗ್ಗೆ ನಿಮ್ಮ ಕೆರೆಗೆ ಬಂದ್ರೆ ತೊಂದ್ರೆ ಇಲ್ವಾ?

ಕೆರೆ_ಏರಿ:

ಬನ್ನಿ ಸರ್, ಖಂಡಿತ ಬನ್ನಿ. ಆರೂವರೆಗೆ ಗೇಟ್ ಹತ್ರ ಇರ್ತೀವಿ. ಮಾತಾಡ್ದೆ ಓಡ್ಬೇಕು ಅಂದ್ರೂ ಪರವಾಗಿಲ್ಲ, ಮೇಷ್ಟ್ರೂ ಮೊದಲನೇ ಸುತ್ತು ಮಾತಾಡಲ್ಲ.